ಹೆಬ್ಬೆಯ ನೀರು, ಬಾಸೂರಿನ ಹುಲ್ಲು, ಕಜಾಕರ ಬಯಲು

(ಮಲೆನಾಡಿನ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಕೂಡಿದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಭೂಗೋಳದ ಪಾಠವನ್ನು ಗೋಡೆಗೆ ತೂಗುಹಾಕಿದ ನಕ್ಷೆಯಿಂದ ಆರಂಭಿಸುವುದು ಶಾಲೆಗಳ ವಾಡಿಕೆ. ಇಂದಿನ ಮಾತು ಒಂದು ಹಕ್ಕಿಯಿಂದ ಆರಂಭವಾಗಲಿ. ಮಳೆ ಹಿಂದೆ ಸರಿದು, ರಾಗಿಯ ತೆನೆ ಬಲಿಯುವ ಹೊತ್ತಿಗೆ ಕಡೂರು, ಅಜ್ಜಂಪುರದ ಒಣಬಯಲಿಗೆ ಉದ್ದ ರೆಕ್ಕೆಯ, ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ತೇಲುವ ಬೇಟೆಹಕ್ಕಿಯೊಂದು ಬರುತ್ತದೆ. ಪಕ್ಷಿ ಬಲ್ಲವರು ಅದನ್ನು ಸೆಳೆವ ಎನ್ನುತ್ತಾರೆ. ಊರಿನವರ ಕಣ್ಣಿಗೆ ಅದೂ ಒಂದು ಹದ್ದು. ಹಗಲೆಲ್ಲ ಮಿಡತೆ, ಇಲಿ, ಸಣ್ಣ ಹಕ್ಕಿಗಳನ್ನು ಹಿಡಿದು ತಿಂದು ಸಂಜೆಗೆ ಅದು ಮರ ಹತ್ತುವುದಿಲ್ಲ. ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತದೆ. ಬೇಸಿಗೆ ಕಾಲಿಡುತ್ತಲೇ ಉತ್ತರಕ್ಕೆ ಹೊರಟುಬಿಡುತ್ತದೆ. ಎಲ್ಲಿಗೆ? ಭಾರತದಲ್ಲಿ ಚಳಿಗಾಲ ಕಳೆದ ಸೆಳೆವಗಳ ಜಾಡನ್ನು ಉಪಗ್ರಹದ ನೆರವಿನಿಂದ ಹಿಡಿದ ಸಂಶೋಧಕರು, ಅವು ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಕಜಾಕ್‌ಸ್ತಾನದ ಹುಲ್ಲುಬಯಲನ್ನು ತಲುಪಿ ಅಲ್ಲಿ ಮೊಟ್ಟೆಯಿಡುವುದನ್ನು ಕಂಡಿದ್ದಾರೆ. ಅಲ್ಲಿಯೂ ಅದು ಗೂಡು ಕಟ್ಟುವುದು ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ.

ಎರಡು ದೇಶಗಳ ಎರಡು ಹುಲ್ಲುಗಾವಲುಗಳ ನಡುವೆ ಬದುಕು ಹಂಚಿಕೊಂಡ ಈ ಹಕ್ಕಿಯ ದಾರಿಯಲ್ಲಿಯೇ ಇಂದಿನ ಮಾತೂ ಸಾಗುತ್ತದೆ. ಆದರೆ ಹೊರಡುವ ಜಾಗ ಹುಲ್ಲುಬಯಲಲ್ಲ, ಹೆಬ್ಬೆ.

ಹೆಬ್ಬೆಯನ್ನು ಪ್ರವಾಸಿಗರು ಬಲ್ಲದ್ದು ಜಲಪಾತದ ಹೆಸರಾಗಿ. ಕೆಮ್ಮಣ್ಣುಗುಂಡಿಯಿಂದ ಕಾಫಿ ತೋಟ ಮತ್ತು ಕಾಡಿನ ಕಚ್ಚಾ ದಾರಿಯಲ್ಲಿ ಜೀಪು ಇಳಿಸಿ, ಹಳ್ಳಗಳನ್ನು ದಾಟಿ, ಕಾಲಿಗೆ ಹತ್ತಿದ ಇಂಬಳ ಕಿತ್ತುಹಾಕುತ್ತ ಹೋದರೆ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ 168 ಮೀಟರ್ ಧುಮುಕುವ ನೀರು ಕಾಣುತ್ತದೆ. ಅರಣ್ಯ ಇಲಾಖೆಯ ಮಟ್ಟಿಗೆ ಹೆಬ್ಬೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯ. ಭೂಗೋಳ ಓದುವವರಿಗೆ ಅದು ಇನ್ನೊಂದು ಕಾರಣಕ್ಕೆ ಮುಖ್ಯ: ಅದು ಒಂದು ಇಳಿಜಾರಿನ ಒದ್ದೆ ತುದಿ. ಹೆಬ್ಬೆಯಿಂದ ಅಜ್ಜಂಪುರಕ್ಕೆ ನೇರ ಗೆರೆ ಎಳೆದರೆ ಅದರ ಉದ್ದ ನಲವತ್ತು ಕಿಲೋಮೀಟರಿನೊಳಗೇ. ಗೆರೆಯ ಒಂದು ಕೊನೆಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಇನ್ನೊಂದು ಕೊನೆಯ ಆಚೆ, ಕಡೂರಿನ ಕಡೆ, 600 ಮಿಲಿಮೀಟರಿನ ಆಸುಪಾಸು. ಬಾಬಾಬುಡನ್ ಗಿರಿಶ್ರೇಣಿ ಕುದುರೆಲಾಳದಂತೆ ಬಾಗಿ ನಿಂತು ನೈಋತ್ಯದ ಮೋಡಗಳನ್ನು ತಡೆದು ಹಿಂಡಿಕೊಳ್ಳುತ್ತದೆ. ಬೆನ್ನ ಹಿಂದಿನ ಸೀಮೆಗೆ ಉಳಿದದ್ದು ಗಾಳಿ ಮತ್ತು ಒಂದಿಷ್ಟು ತುಂತುರು. ಜುಲೈ ತಿಂಗಳಲ್ಲಿ ಬೆಳಿಗ್ಗೆ ಕೆಮ್ಮಣ್ಣುಗುಂಡಿಯಲ್ಲಿ ಕಂಬಳಿಕೊಪ್ಪೆ ಹೊದ್ದು ಹೊರಟವನು ಮಧ್ಯಾಹ್ನ ಬೀರೂರಿನ ಸಂತೆಯಲ್ಲಿ ಬೆವರು ಒರೆಸಿಕೊಳ್ಳುವುದು ಈ ಸೀಮೆಯಲ್ಲಿ ಯಾರಿಗೂ ಸೋಜಿಗವಲ್ಲ.

ನೀರಿನ ಹಾದಿಯೂ ಇದೇ ಬೆಟ್ಟದ ನೆತ್ತಿಯಲ್ಲಿ ಕವಲೊಡೆಯುತ್ತದೆ. ಹೆಬ್ಬೆಯ ಹಳ್ಳ ಭದ್ರೆಯನ್ನು ಸೇರಿ, ಲಕ್ಕವಳ್ಳಿಯಲ್ಲಿ 1965ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಿನಲ್ಲಿ ನಿಲ್ಲುತ್ತದೆ. ಗಿರಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಅಯ್ಯನಕೆರೆಯನ್ನೂ, ಅವತಿ ಮದಗದ ಕೆರೆಯನ್ನೂ ತುಂಬಿಸಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಆ ನೀರು ಮಾರಿಕಣಿವೆಯ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಅಕ್ಕಪಕ್ಕದ ಇಳಿಜಾರುಗಳಲ್ಲಿ ಹುಟ್ಟಿದ ಎರಡು ನೀರು ಮತ್ತೆ ಒಂದಾಗುವುದು ಬಹುದೂರದಲ್ಲಿ, ತುಂಗಭದ್ರೆಯಲ್ಲಿ. ಇದು ಬೆಟ್ಟ ಮಾಡಿದ ಹಂಚಿಕೆ. ಅದನ್ನು ಮನುಷ್ಯ ಬದಲಿಸಿದ ಸಂಗತಿಗೆ ಆಮೇಲೆ ಬರೋಣ.

ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟೊಂದು ವ್ಯತ್ಯಾಸವಿದ್ದರೆ ಬದುಕು ಅದಕ್ಕೆ ಹೇಗೆ ಹೊಂದಿಕೊಂಡಿತು ಎಂಬುದನ್ನು ತಿಳಿಯಲು ಪುಸ್ತಕವೇ ಬೇಕಿಲ್ಲ, ದನಗಳನ್ನು ನೋಡಿದರೆ ಸಾಕು. ಒದ್ದೆ ತುದಿಯಲ್ಲಿ ಮಲೆನಾಡು ಗಿಡ್ಡ: ಮೂರಡಿ ಎತ್ತರದ ಪುಟ್ಟ ದನ, ಕೆಸರಿನಲ್ಲೂ ಜಾರುವ ದರೆಯಲ್ಲೂ ನಿಲ್ಲಬಲ್ಲ ಕಾಲು, ಎಡೆಬಿಡದ ಮಳೆಯನ್ನೂ ಉಣ್ಣೆಯನ್ನೂ ತಾಳುವ ಚರ್ಮ, ಪೌಷ್ಟಿಕಾಂಶವೆಲ್ಲ ತೊಳೆದುಹೋದ ಕರಡ ಹುಲ್ಲಿನಲ್ಲೂ ಬದುಕುವ ಹೊಟ್ಟೆ. ಇದನ್ನು ಪ್ರತ್ಯೇಕ ತಳಿಯೆಂದು ರಾಷ್ಟ್ರೀಯ ಸಂಸ್ಥೆ ನೋಂದಾಯಿಸಿದ್ದು 2012ರಲ್ಲಿ. ಅಲ್ಲಿಯವರೆಗೆ ಕಡತಗಳಲ್ಲಿ ಅದು ‘ಗೊತ್ತಿಲ್ಲದ ನಾಟಿ’ಗಳ ಸಾಲಿನಲ್ಲಿತ್ತು. ಒಣ ತುದಿಯಲ್ಲಿ ಅಮೃತಮಹಲ್: ಬೂದುಬಣ್ಣ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದನೆಯ ಚೂಪು ಕೊಂಬು, ನೀಳ ಕಾಲು, ಯಾರಿಗೂ ಸುಲಭಕ್ಕೆ ಬಗ್ಗದ ಸ್ವಭಾವ. ಹಾಲಿಗಾಗಿ ಬೆಳೆಸಿದ ದನವಲ್ಲ ಅದು, ನಡಿಗೆಗಾಗಿ ಬೆಳೆಸಿದ್ದು. ನಡೆಯಬೇಕಾದರೆ ಬಯಲು ಬೇಕು.

ಈ ಬಯಲಿಗೆ ಮೈಸೂರು ಸೀಮೆಯಲ್ಲಿ ಇರುವ ಹೆಸರು ಕಾವಲು. ಕಥೆ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿತ್ತು. ಹೈದರಾಲಿ ಆ ಹಿಂಡುಗಳನ್ನು ಬೆಳೆಸಿ ಫಿರಂಗಿ ಎಳೆಯಲು, ಸಾಮಾನು ಸಾಗಿಸಲು ಬಳಸಿದ. ಈ ಎತ್ತುಗಳ ಬಲದಿಂದ ಅವನ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ತಲುಪಿತೆಂದು ಮೈಸೂರು ಗೆಜೆಟಿಯರು ಬರೆಯುತ್ತದೆ. ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಇಂಗ್ಲಿಷರ ಕೈಸೇರಿದವು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಹಿಂಡನ್ನೆಲ್ಲ ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಾಗಿ ಮತ್ತೆ ಕೊಂಡು ಕೂಡಿಸಬೇಕಾಯಿತು. ಕಾವಲು ಎಂದರೆ ದುಡ್ಡು ತರದ ಖಾಲಿ ಜಾಗವೆಂದು ಬಗೆದವರ ಸಾಲು ಅಂದಿನಿಂದಲೇ ಆರಂಭ. 1882ರಲ್ಲಿ ಇಲಾಖೆ ಮೈಸೂರು ಸರ್ಕಾರಕ್ಕೆ ಮರಳಿತು, 1923ರಲ್ಲಿ ಕೃಷಿ ಇಲಾಖೆಯ ಅಡಿಗೆ ಬಂತು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರ ಇಂದಿಗೂ ಇದೆ. ಬಾಸೂರು, ಬೀರೂರು, ಬೆಟ್ಟದ ಬುಡದ ಲಿಂಗದಹಳ್ಳಿಗಳಲ್ಲಿ ಅದರ ಕಾವಲುಗಳಿವೆ. ಲಿಂಗದಹಳ್ಳಿಯಿಂದ ತಲೆಯೆತ್ತಿದರೆ ಕಾಣುವುದು ಕೆಮ್ಮಣ್ಣುಗುಂಡಿಯ ಬೆಟ್ಟ. ಮಲೆಗೂ ಬಯಲಿಗೂ ನಂಟು ಅಷ್ಟು ಹತ್ತಿರದ್ದು.

ಕಾವಲುಗಳ ವ್ಯವಸ್ಥೆಯಲ್ಲಿ ಕೃಷಿ ವಿಜ್ಞಾನ ಇಂದಿಗೂ ಗೌರವದಿಂದ ನೋಡಬೇಕಾದ ಒಂದು ಸಂಗತಿಯಿದೆ. ಮೇವಿನ ನೆಲವನ್ನು ಋತುವಿಗೆ ತಕ್ಕಂತೆ ವಿಂಗಡಿಸಿದ್ದರು: ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಿಗೆಯ ಕಾವಲಿಗೆ ಕೆರೆಯಂಗಳವೂ ಮರದ ನೆರಳೂ ಬೇಕು. ಮಳೆಗಾಲದ ಕಾವಲಿಗೆ ನೀರು ನಿಲ್ಲದ ಎತ್ತರದ ನೆಲ ಬೇಕು. ಒಂದರಲ್ಲಿ ಹಿಂಡು ಮೇಯುವಾಗ ಇನ್ನೆರಡು ವಿಶ್ರಾಂತಿಯಲ್ಲಿರುತ್ತಿದ್ದವು. ಹುಲ್ಲಿನ ಬೆಳೆಯುವ ಕಣ್ಣು ಇರುವುದು ತುದಿಯಲ್ಲಲ್ಲ, ಬುಡದಲ್ಲಿ, ಮಣ್ಣಿಗೆ ಅಂಟಿದಂತೆ. ಆದ್ದರಿಂದಲೇ ಎಲೆ ಮೇಯ್ದರೂ ಅದು ಮತ್ತೆ ಚಿಗುರುತ್ತದೆ. ಆದರೆ ಚಿಗುರಲು ಬೇರಿನಲ್ಲಿ ಕೂಡಿಟ್ಟ ಆಹಾರ ಖರ್ಚಾಗುತ್ತದೆ. ಅದನ್ನು ಮರಳಿ ತುಂಬಿಕೊಳ್ಳಲು, ಕಾರ್ತಿಕದ ಹೊತ್ತಿಗೆ ಬೀಜ ಉದುರಿಸಲು ಬಿಡುವು ಸಿಕ್ಕರೆ ಹುಲ್ಲು ಉಳಿಯುತ್ತದೆ. ಸಿಗದಿದ್ದರೆ ದನಕ್ಕೆ ರುಚಿಸುವ ಹುಲ್ಲು ಮೊದಲು ಸತ್ತು, ಸೂಜಿಯಂಥ ಬೀಜದ ಒರಟು ಹುಲ್ಲೂ ಕೊನೆಗೆ ಕಾಂಗ್ರೆಸ್ ಗಿಡವೂ ಆ ಜಾಗಕ್ಕೆ ಬರುತ್ತವೆ. ಋತುವಿನ ಕಾವಲು ಕಟ್ಟಿದವರು ಸಸ್ಯಶಾಸ್ತ್ರ ಓದಿದವರಲ್ಲ. ದನ ಮೇಯಿಸಿದವರು.

ಈಗ ಸೆಳೆವ ಹಾರಿದ ದಿಕ್ಕಿಗೆ ಹೋಗೋಣ. ಕಜಾಕರು ಕಜಾಕ್‌ಸ್ತಾನದಲ್ಲಷ್ಟೇ ಇಲ್ಲ. ಚೀನಾ, ರಷ್ಯಾ, ಮಂಗೋಲಿಯಾಗಳಲ್ಲೂ ಇದ್ದಾರೆ. ಮಂಗೋಲಿಯಾದ ಪಶ್ಚಿಮದ ಕಟ್ಟಕಡೆಯಲ್ಲಿ, ಆಲ್ತಾಯ್ ಪರ್ವತಗಳ ನಡುವೆ, ಬಯಾನ್-ಉಲ್ಗಿ ಎಂಬ ಪ್ರಾಂತವಿದೆ. 1940ರಲ್ಲಿ ರಚನೆಯಾದ ಈ ಪ್ರಾಂತದಲ್ಲಿ ಬಹುಪಾಲು ಜನ ಕಜಾಕರು. ಅವರ ಹಿರಿಯರು ಹತ್ತೊಂಬತ್ತನೆಯ ಶತಮಾನದಲ್ಲಿ ಪರ್ವತ ದಾಟಿ ಬಂದವರು. ವಿಸ್ತೀರ್ಣ ಸುಮಾರು 45,700 ಚದರ ಕಿಲೋಮೀಟರ್, ಅಂದರೆ ಚಿಕ್ಕಮಗಳೂರು ಜಿಲ್ಲೆಯ ಆರು ಪಟ್ಟಿಗೂ ಹೆಚ್ಚು. ಜನಸಂಖ್ಯೆ ಮಾತ್ರ ಒಂದು ಲಕ್ಷದ ಆಸುಪಾಸು. ಹಿಮದ ಶಿಖರಗಳು 4,374 ಮೀಟರ್ ಮುಟ್ಟುತ್ತವೆ, ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಮೇಲೆ. ಕಣಿವೆಗಳಲ್ಲಿ ಬೀಳುವ ಮಳೆ ಹಿಮಗಳೆರಡನ್ನೂ ಕೂಡಿಸಿದರೂ ಕಡೂರಿನ ಮಳೆಯ ಮೂರನೆಯ ಒಂದು ಭಾಗವಾಗುವುದಿಲ್ಲ. ಬೇಸಾಯಕ್ಕೆ ಒಗ್ಗದ ಈ ನೆಲದಲ್ಲಿ ಕುರಿ, ಆಡು, ಕುದುರೆ, ಒಂಟೆ, ದನ ಮತ್ತು ಚಮರೀಮೃಗಗಳೇ ಆಸ್ತಿ.

ಇಂಥ ನೆಲದಲ್ಲಿ ಬದುಕಲು ಕಜಾಕರು ಕಂಡುಕೊಂಡ ಉಪಾಯ ಅಜ್ಜಂಪುರದವರಿಗೆ ಅಪರಿಚಿತವೆನಿಸದು. ಅವರ ಭಾಷೆಯಲ್ಲಿ ಮೇವಿನ ನೆಲಕ್ಕೆ ಋತುವಿಗೊಂದು ಹೆಸರಿದೆ. ಬೇಸಿಗೆಯ ಎತ್ತರದ ಹುಲ್ಲುಗಾವಲು ಜೈಲೌ. ಗಾಳಿಯಿಂದ ಮರೆಯಾದ ಚಳಿಗಾಲದ ತಾಣ ಕಿಸ್ತೌ. ವಸಂತಕ್ಕೂ ಶರತ್ಕಾಲಕ್ಕೂ ಬೇರೆ ಬೇರೆ. ಕಂಬಳಿಯ ಹೊದಿಕೆಯ ಬಿಚ್ಚಿಕಟ್ಟುವ ಮನೆಯನ್ನು ಹೊತ್ತು ಕುಟುಂಬಗಳು ಒಂದರಿಂದ ಇನ್ನೊಂದಕ್ಕೆ ಸಾಗುತ್ತವೆ. ಚಳಿಗಾಲದ ತಾಣದ ಹುಲ್ಲನ್ನು ಬೇಸಿಗೆಯಲ್ಲಿ ಮೇಯಿಸುವುದು ಅಲ್ಲಿ ಮುಂದಿನ ವರ್ಷದ ಹೊಟ್ಟೆಗೆ ಕೈ ಹಾಕಿದಂತೆ. ನೆಲ ಎಷ್ಟಿದೆ ಎನ್ನುವುದಕ್ಕಿಂತ ಯಾವ ತಿಂಗಳಲ್ಲಿ ಯಾವ ನೆಲಕ್ಕೆ ಹೋಗಬಹುದು ಎನ್ನುವುದು ಅವರ ಆಸ್ತಿಯ ಲೆಕ್ಕ. ಭೂಪಟದಲ್ಲಿ ಈ ಲೆಕ್ಕ ಕಾಣುವುದಿಲ್ಲ. ಜನವರಿಯಲ್ಲಿ ಹೋದ ಅಧಿಕಾರಿಗೆ ಜೈಲೌ ಖಾಲಿ ಜಾಗ. ಜುಲೈಯಲ್ಲಿ ಹೋದವನಿಗೆ ಕಿಸ್ತೌ ಖಾಲಿ ಜಾಗ.

ಖಾಲಿ ಎಂದು ತಿಳಿದದ್ದರ ಬೆಲೆಯನ್ನು ಕಜಾಕರು ಎರಡು ಬಾರಿ ತೆತ್ತರು. ಮೊದಲನೆಯದು ಸೋವಿಯತ್ ಸರ್ಕಾರ ಅಲೆಮಾರಿ ಕುಟುಂಬಗಳನ್ನು ಬಲವಂತದಿಂದ ಒಂದೆಡೆ ನೆಲೆಗೊಳಿಸಿ ಹಿಂಡುಗಳನ್ನು ಸಾಮೂಹಿಕ ಕ್ಷೇತ್ರಗಳಿಗೆ ಸೇರಿಸಿದ ಕಾಲ. 1930ರಿಂದ 1933ರ ನಡುವಿನ ಕ್ಷಾಮದಲ್ಲಿ ಕಜಾಕ್‌ಸ್ತಾನದಲ್ಲಿ ಸತ್ತವರು ಸುಮಾರು ಹದಿನೈದು ಲಕ್ಷ. ಅವರಲ್ಲಿ ಬಹುಪಾಲು ಕಜಾಕರು. ಹತ್ತರಲ್ಲಿ ಒಂಬತ್ತು ಪಾಲು ಜಾನುವಾರು ನಾಶವಾದವು. ಚಲನೆ ನಿಂತೊಡನೆ ಹಿಂಡು ಹಸಿಯಿತು, ಹಿಂಡು ಸತ್ತೊಡನೆ ಜನ ಹಸಿದರು. ಗಡಿ ದಾಟಿ ಚೀನಾ, ಮಂಗೋಲಿಯಾಗಳಿಗೆ ಓಡಿದವರೂ ಬಹಳ. ಎರಡನೆಯದು 1954ರಲ್ಲಿ ಕ್ರುಶ್ಚೇವ್ ಆರಂಭಿಸಿದ ‘ಕನ್ಯಾಭೂಮಿ’ ಅಭಿಯಾನ. ಉತ್ತರ ಕಜಾಕ್‌ಸ್ತಾನದ ಹುಲ್ಲುಬಯಲನ್ನು ಗೋಧಿಗಾಗಿ ಉತ್ತರು. ಕೆಲವೇ ವರ್ಷಗಳಲ್ಲಿ ಅಲ್ಲಿ ಉತ್ತ ನೆಲ ಸುಮಾರು ಎರಡೂವರೆ ಕೋಟಿ ಹೆಕ್ಟೇರ್. ಇಡೀ ಕರ್ನಾಟಕವನ್ನು ಬೆಟ್ಟ, ಕೆರೆ, ಊರು ಎಲ್ಲ ಸೇರಿಸಿ ಉತ್ತರೂ ಅಷ್ಟಾಗದು. 1956ರಲ್ಲಿ ಭರ್ಜರಿ ಫಸಲು ಬಂತು, ಪತ್ರಿಕೆಗಳು ಕೊಂಡಾಡಿದವು. ಅರುವತ್ತರ ದಶಕದ ಆರಂಭಕ್ಕೆ ಹುಲ್ಲಿನ ಬೇರು ಬಿಗಿದು ಹಿಡಿದಿದ್ದ ಮೇಲ್ಮಣ್ಣು ಗಾಳಿಗೆ ಎದ್ದು ಧೂಳಿನ ಬಿರುಗಾಳಿಯಾಯಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ಗೋಧಿ ಹೊಲಗಳಲ್ಲಿ ಎಷ್ಟೋ ಭಾಗವನ್ನು ಬೀಳುಬಿಟ್ಟರು. ಅಲ್ಲಿ ನಿಧಾನವಾಗಿ ಹುಲ್ಲು ಮರಳುತ್ತಿದೆ.

ಹೀಗೆ ಹೇಳಿದಾಗ ಕಡೂರಿನ ರೈತನೊಬ್ಬ ಕೇಳಬಹುದಾದ ಪ್ರಶ್ನೆ ಸರಿಯಾದದ್ದೇ: ‘ಅಲ್ಲಿಯ ಹಿಮದ ಕಥೆ ಇಲ್ಲಿಗೇಕೆ?’ ಅಲ್ಲಿನ ಸರ್ವಾಧಿಕಾರ ಇಲ್ಲಿಲ್ಲ, ಆ ಪ್ರಮಾಣದ ದುರಂತವೂ ಇಲ್ಲ. ಹೋಲಿಕೆ ಇರುವುದು ಒಂದೇ ಕಡೆ, ನೆಲವನ್ನು ನೋಡುವ ಕಣ್ಣಿನಲ್ಲಿ. ಕಂದಾಯ ಇಲಾಖೆಯ ಪುಸ್ತಕ ತೆರೆದರೆ ಗೋಮಾಳ, ಹುಲ್ಲುಬನ್ನಿ, ಸೊಪ್ಪಿನಬೆಟ್ಟ, ಅಮೃತಮಹಲ್ ಕಾವಲು ಎಂದು ಮೇವಿನ ನೆಲಕ್ಕೆ ಚಂದದ ಹೆಸರುಗಳಿವೆ. ಪಕ್ಕದಲ್ಲೇ ಇನ್ನೊಂದು ಹೆಸರಿದೆ: ಖರಾಬು. ಕಂದಾಯ ತರದ ನೆಲ ಎಂಬುದು ಆ ಪದದ ಕಚೇರಿಯ ಅರ್ಥ. ಕೇಳುವ ಕಿವಿಗೆ ಮಾತ್ರ ಕೆಟ್ಟ ನೆಲ ಎಂದೇ ಅರ್ಥವಾಗುತ್ತದೆ. ದೇಶದ ಬಂಜರುಭೂಮಿ ನಕಾಶೆಗಳೂ ಕುರುಚಲು ಬಯಲನ್ನೂ ಸೊರಗಿದ ಮೇವುಮಾಳವನ್ನೂ ಬಂಜರಿನ ಪಟ್ಟಿಗೇ ಸೇರಿಸುತ್ತ ಬಂದಿವೆ. ಹೆಸರು ಹಾಗೆ ಬಿದ್ದ ಮೇಲೆ ಯಾರು ಕೇಳಿದರೂ ಕೊಡುವುದು ಸುಲಭ.

ಕೊಟ್ಟದ್ದರ ಲೆಕ್ಕ ಸಣ್ಣದಲ್ಲ. ಹಳೆಯ ಮೈಸೂರಿನಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿ ಇದ್ದ ಅಮೃತಮಹಲ್ ಕಾವಲಿನಲ್ಲಿ ಇಂದು ಐದನೆಯ ಒಂದು ಪಾಲೂ ಉಳಿದಿಲ್ಲ. ಆಹಾರದ ಕೊರತೆಯ ವರ್ಷಗಳಲ್ಲಿ ‘ಹೆಚ್ಚು ಬೆಳೆ ಬೆಳೆಯಿರಿ’ ಎಂದು ಕೊಟ್ಟದ್ದಿದೆ; ಭೂಹೀನರಿಗೆ ಹಂಚಿದ್ದಿದೆ; ನೀಲಗಿರಿ, ಅಕೇಶಿಯಾ ನೆಟ್ಟು ‘ಅರಣ್ಯೀಕರಣ’ ಎಂದದ್ದಿದೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ 2008ರ ಬಳಿಕದ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ಕಾವಲನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ವಹಿಸಲಾಯಿತು. ಸುತ್ತಲಿನ ಕುರಿಗಾಹಿಗಳಿಗೆ ಸಂಗತಿ ತಿಳಿದದ್ದು ಗೋಡೆ ಏಳತೊಡಗಿದಾಗ. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ವಿಜ್ಞಾನ ಸಂಸ್ಥೆಗಳು ಬೇಡವೆನ್ನುವ ಮಾತಲ್ಲ ಇದು. ಆ ನೆಲದಲ್ಲಿ ಮೇಯುತ್ತಿದ್ದ ಹಿಂಡು ಮರುದಿನ ಎಲ್ಲಿಗೆ ಹೋಗಬೇಕೆಂದು ಯಾವ ಕಡತದಲ್ಲೂ ಯಾರೂ ಕೇಳಲಿಲ್ಲ, ತಕರಾರು ಇರುವುದು ಅಲ್ಲಿ.

ಎರಡೆಕರೆ ಬಗರ್‌ಹುಕುಂ ಜಮೀನಿಗಾಗಿ ಅರ್ಜಿ ಹಿಡಿದು ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆದ ಬಡವನನ್ನು ಈ ಸಾಲಿಗೆ ಸೇರಿಸುವುದು ಅನ್ಯಾಯ. ಅವನು ಗೋಮಾಳ ಉತ್ತದ್ದು ಬೇರೆ ನೆಲವಿಲ್ಲದೆ. ಆದರೆ ಅವನ ಪಕ್ಕದಲ್ಲಿ ಗೋಮಾಳವನ್ನೇ ನಂಬಿದ ಇನ್ನೊಬ್ಬ ಬಡವನಿದ್ದಾನೆ: ಹತ್ತು ಕುರಿಯವನು, ಎರಡು ನಾಟಿ ಹಸುವಿನವಳು. ಊರಿನ ರಾಜಕೀಯ ಇಬ್ಬರನ್ನೂ ಎದುರುಬದುರು ನಿಲ್ಲಿಸುವುದರಲ್ಲಿ ಪಳಗಿದೆ. ನೂರಾರು ಎಕರೆ ದಾಟಿದವರ ಬೇಲಿ ಈ ಜಗಳದ ಮರೆಯಲ್ಲಿ ಗಟ್ಟಿಯಾಗುತ್ತದೆ.

ಗೊಲ್ಲರಹಟ್ಟಿಗಳು, ಕುರುಬರ ಮಂದೆಗಳು, ಲಂಬಾಣಿ ತಾಂಡಗಳು ಇಲ್ಲದೆ ಕಡೂರು, ತರೀಕೆರೆ, ಅಜ್ಜಂಪುರದ ಭೂಗೋಳವನ್ನು ಬರೆಯಲಾಗದು. ಹಟ್ಟಿ ಎಂಬ ಮಾತೇ ದನಕುರಿ ಕೂಡುವ ಜಾಗದಿಂದ ಬಂದದ್ದು. ಹೇರೆತ್ತಿನ ಮೇಲೆ ಉಪ್ಪು, ಧಾನ್ಯ ಹೊತ್ತು ದೇಶ ಸುತ್ತಿದ ಲಂಬಾಣಿಗಳ ಕಸುಬನ್ನು ರೈಲು ಕಿತ್ತುಕೊಂಡಿತು; ಬೀರೂರಿನಿಂದ ಶಿವಮೊಗ್ಗೆಗೆ ಹಳಿ ಹಾಸಿದ್ದು 1899ರಲ್ಲಿ. ಕುರುಬರ ನಡಿಗೆ ಮಾತ್ರ ಇಂದಿಗೂ ಪೂರ್ತಿ ನಿಂತಿಲ್ಲ. ಸುಗ್ಗಿ ಮುಗಿದ ಮೇಲೆ ಒಣಸೀಮೆಯ ಮಂದೆಗಳು ಅರೆಮಲೆನಾಡಿನ ಕೊಯ್ದ ಗದ್ದೆಗಳಿಗೂ ತೋಟಗಳಿಗೂ ಬರುತ್ತವೆ. ರಾತ್ರಿ ಮಂದೆ ನಿಲ್ಲಿಸಿದ್ದಕ್ಕೆ ಗದ್ದೆಯ ಯಜಮಾನ ಕಾಳೋ ಕಾಸೋ ಕೊಡುತ್ತಾನೆ. ಹಿಕ್ಕೆ ಗಂಜಲಗಳೆಲ್ಲ ಮಣ್ಣಿಗೆ. ಬೆಳಗಾಗೆದ್ದು ಗೊಬ್ಬರ ಹೊರುವ ಗಾಡಿ ಬೇಡ, ಹರಡುವ ಆಳು ಬೇಡ. ಅಡಕೆ ತೋಟದ ಫಲವತ್ತತೆಯ ಒಂದು ಪಾಲು ಹೀಗೆ ಬಯಲಿನ ಹುಲ್ಲಿನಿಂದ ನಾಲ್ಕು ಕಾಲಿನ ಮೇಲೆ ನಡೆದು ಬಂದದ್ದು. ಕಾವಲು ಹೋದರೆ ನಷ್ಟ ಕುರಿಗಾಹಿಗೆ ಮಾತ್ರ ಎಂದು ತಿಳಿದ ಮಲೆನಾಡಿನ ತೋಟಗಾರ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಮನುಷ್ಯರೂ ಈ ಇಳಿಜಾರಿನಲ್ಲಿ ಕೆಳಗಿಳಿದಿದ್ದಾರೆ. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ ಆರಂಭವಾದ ಭದ್ರಾ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳನ್ನು 2001, 2002ರ ಸುಮಾರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ ಮೂಡಿಗೆರೆ ತಾಲ್ಲೂಕಿನ ಕೆಳಗೂರಿಗೂ ಸ್ಥಳಾಂತರಿಸಲಾಯಿತು. ದೇಶದ ಇಂಥ ಸ್ಥಳಾಂತರಗಳಲ್ಲಿ ಇದನ್ನು ಮೇಲ್ಮಟ್ಟದ್ದೆಂದು ಅಧ್ಯಯನ ಮಾಡಿದವರು ಎಣಿಸುತ್ತಾರೆ. ಜಮೀನು, ಮನೆ, ಶಾಲೆ, ರಸ್ತೆ ಸಿಕ್ಕಿದವು. ಆದರೂ ಯಾವುದೇ ಪುನರ್ವಸತಿಯಲ್ಲಿ ಜಮೀನಿನ ಅಳತೆ ಮೊದಲು ಬರುತ್ತದೆ, ಮನೆಯ ಅಳತೆ ಆಮೇಲೆ; ಕಾಡಿನ ದರಕಿನ ಮೇಲೆ ಬದುಕಿದ್ದ ಕೊಟ್ಟಿಗೆಯ ದನ ಎಲ್ಲಿ ಮೇಯಬೇಕೆಂಬುದು ಕಟ್ಟಕಡೆಯ ಪ್ರಶ್ನೆ. ಕೊಟ್ಟಿಗೆಯೇ ಗೊಬ್ಬರದ ಮೂಲವಾದ ಮಲೆನಾಡಿನ ಬೇಸಾಯಗಾರನಿಗೆ ಅದೇ ಮೊದಲನೆಯದು.

ಬೆಟ್ಟ ಮಾಡಿದ ನೀರಿನ ಹಂಚಿಕೆಯನ್ನು ಮನುಷ್ಯ ಬದಲಿಸಿದ ಸಂಗತಿ ಬಾಕಿಯಿತ್ತು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿ.ಎಂ.ಸಿ. ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಭದ್ರೆಯ ಪಾಲನ್ನೂ ಸೇರಿಸಿ, ಒಟ್ಟು 29.9 ಟಿ.ಎಂ.ಸಿ. ನೀರನ್ನು ಅಜ್ಜಂಪುರದ ಬಳಿ ಕೊರೆದ ಸುಮಾರು ಏಳು ಕಿಲೋಮೀಟರಿನ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರುಗಳ ಕಡೆ ಹರಿಸುವ ಉದ್ದೇಶವಿದೆ. ಸುರಂಗದಲ್ಲಿ ನೀರು ಮೊದಲು ಹರಿದದ್ದು 2019ರಲ್ಲಿ. ಹೆಬ್ಬೆಯ ನೀರು ಈಗ ವೇದಾವತಿಯ ಸೀಮೆಗೆ ನೆಲದೊಳಗಿನಿಂದ ಹೋಗುತ್ತದೆ ಎನ್ನಬಹುದು. 2022ರ ಭಾರಿ ಮಳೆಗೆ ಈ ನೀರೂ ಕೂಡಿಕೊಂಡು ವಾಣಿವಿಲಾಸ ಸಾಗರ 89 ವರ್ಷಗಳ ಬಳಿಕ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ನೆರೆದರು. ಬರ ಉಂಡವರ ಆ ಸಂತೋಷವನ್ನು ಹಗುರಾಗಿ ಕಾಣುವ ಹಕ್ಕು ಮಲೆನಾಡಿನವರಿಗಿಲ್ಲ. ಆದರೆ ಕಾಲುವೆ ಬಂದ ಕಡೆ ನೆಲದ ಬೆಲೆ ಏರುತ್ತದೆ, ಬೆಲೆ ಏರಿದ ಕಡೆ ಮೊದಲು ಮಾಯವಾಗುವುದು ಯಜಮಾನನಿಲ್ಲದ ನೆಲ. ಯೋಜನೆಯ ವರದಿಗಳಲ್ಲಿ ತುಂಬಬೇಕಾದ ಕೆರೆಗಳ ಪಟ್ಟಿ ಇದೆ, ನೀರುಣಿಸಬೇಕಾದ ಹೆಕ್ಟೇರುಗಳ ಲೆಕ್ಕ ಇದೆ. ಉಳಿಸಬೇಕಾದ ಕಾವಲುಗಳ ಪಟ್ಟಿಯನ್ನೂ ಅವುಗಳ ಜೊತೆಯಲ್ಲೇ ಬರೆಯುವುದಕ್ಕೆ ಇದೇ ಸಮಯ.

ಬಾಸೂರಿನಲ್ಲಿ ಅಂಥದೊಂದು ಕೆಲಸ ಒಮ್ಮೆ ಆಗಿದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ವಿಸ್ತೀರ್ಣ 736 ಹೆಕ್ಟೇರ್, ಸುಮಾರು 1,800 ಎಕರೆ. ಅಲ್ಲಿ ಅಮೃತಮಹಲ್ ದನವೂ ಕೃಷ್ಣಮೃಗವೂ ಒಂದೇ ಹುಲ್ಲನ್ನು ಹಂಚಿಕೊಂಡಿವೆ. ಕೃಷ್ಣಮೃಗಕ್ಕೆ ಬೇಕಾದದ್ದು ಮರವಲ್ಲ, ಶತ್ರುವನ್ನು ದೂರದಿಂದ ಕಾಣಬಲ್ಲ ತೆರೆದ ನೋಟ. ಅದರ ನಡುವೆ ಒತ್ತಾಗಿ ಗಿಡ ನೆಡುವುದು ಅದನ್ನು ಓಡಿಸುವ ಸಭ್ಯ ವಿಧಾನ. ಪರಿಸರ ದಿನಾಚರಣೆಗೆ ಸಸಿ ಹಿಡಿದು ಕಾವಲಿಗೆ ಹೊರಡುವ ಉತ್ಸಾಹಿಗಳಿಗೆ ಇದನ್ನು ನಯವಾಗಿ ಹೇಳಬೇಕಾಗುತ್ತದೆ. ಕಜಾಕ್ ಬಯಲಿನಲ್ಲಿ ಸೈಗಾ ಎಂಬ ಇದೇ ಬಗೆಯ ಎರಳೆಯಿದೆ. ಈ ಶತಮಾನದ ಆರಂಭದಲ್ಲಿ ಅಲ್ಲಿ ಕೆಲವು ಹತ್ತು ಸಾವಿರಕ್ಕೆ ಇಳಿದಿದ್ದ ಅದರ ಸಂಖ್ಯೆ, 2015ರಲ್ಲಿ ರೋಗದಿಂದ ಎರಡು ಲಕ್ಷಕ್ಕೂ ಹೆಚ್ಚು ಸತ್ತರೂ, ಬೇಟೆಯನ್ನು ತಡೆದು ಬಯಲನ್ನು ತೆರೆದಿಟ್ಟದ್ದರಿಂದ ಹತ್ತು ಲಕ್ಷವನ್ನು ದಾಟಿ ಮುಂದೆ ಹೋಯಿತು. ಹುಲ್ಲಿನ ನೆಲಕ್ಕೆ ಮರಳುವ ಶಕ್ತಿಯಿದೆ, ಬೇರು ಇರುವ ತನಕ. ಉತ್ತ ಮೇಲೆ ಅದೇ ಕೆಲಸಕ್ಕೆ ದಶಕಗಳು ಬೇಕು.

ಇಲ್ಲಿ ಕುಳಿತ ವಿದ್ಯಾರ್ಥಿಗಳು ಮುಂದಿನ ಮಳೆಗಾಲದೊಳಗೆ ಮಾಡಬಹುದಾದ ಒಂದು ಕೆಲಸವನ್ನು ಹೇಳಿ ಮಾತು ಮುಗಿಸಬಹುದು. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್ ಉಚಿತ ಮೇವಿನ ನೆಲವಿರಬೇಕೆಂದು ಹೇಳುತ್ತದೆ. ಊರಿನ ಜಾನುವಾರುಗಳ ಸಂಖ್ಯೆಯನ್ನು ಪಶುವೈದ್ಯ ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ. ಗ್ರಾಮ ಆಡಳಿತಾಧಿಕಾರಿಗಳಲ್ಲಿ ಗೋಮಾಳದ ಸರ್ವೆ ನಂಬರುಗಳನ್ನು ಬರೆದುಕೊಳ್ಳಿ. ಪಹಣಿ ತೆಗೆಸಿ ವಿಸ್ತೀರ್ಣವನ್ನೂ ಖರಾಬಿನ ಅಂಕಣವನ್ನೂ ನೋಡಿ. ಆಮೇಲೆ ಊರಿನ ನಕ್ಷೆ ಹಿಡಿದು, ದನ ಮೇಯಿಸಿದ ಒಬ್ಬ ಹಿರಿಯರನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು, ಆ ನಂಬರುಗಳ ಮೇಲೆ ನಡೆದು ಬನ್ನಿ. ಕಡತದಲ್ಲಿರುವ ಗೋಮಾಳ ನೆಲದ ಮೇಲೆ ಎಷ್ಟಿದೆ, ಯಾವ ತಿಂಗಳಲ್ಲಿ ಅಲ್ಲಿ ಯಾವ ಹುಲ್ಲು ಇರುತ್ತಿತ್ತು, ನೀರು ಎಲ್ಲಿತ್ತು, ಮಂದೆ ಯಾವ ದಾರಿಯಿಂದ ಬರುತ್ತಿತ್ತು ಎಂದು ಅವರನ್ನೇ ಕೇಳಿ ಬರೆದಿಡಿ. ನಾನೂರು ದನವಿರುವ ಊರಿಗೆ ನಿಯಮದ ಪ್ರಕಾರ 48 ಹೆಕ್ಟೇರ್ ಬೇಕು, ಸುಮಾರು 118 ಎಕರೆ. ಕೊರತೆ ಎಷ್ಟು ಎಂಬುದನ್ನು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಿಸಲು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಹುಡುಕುವುದು ಕಷ್ಟವಾದರೆ ಲಿಂಗದಹಳ್ಳಿಯ ಕಡೆಯಿಂದ ಆರಂಭಿಸಿ. ಅಲ್ಲಿ ಬೆಟ್ಟ ಮತ್ತು ಕಾವಲು ಎರಡೂ ಒಂದೇ ನೋಟಕ್ಕೆ ಸಿಗುತ್ತವೆ.